ಹದಿನೇಳು ಮಂಗಳವಾರ

ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಇದನ್ನು ನಾನೇ ಹೇಳಿಕೊಳ್ಳುತ್ತಿಲ್ಲ. ಮೂರನೇ ಕ್ಲಾಸಿನಿಂದ ಎಲ್ಲರೂ ಹೇಳುತ್ತ ಬಂದಿದ್ದಾರೆ, ನಾನು ತಡೆದಿಲ್ಲ ಅಷ್ಟೆ. ಅಕ್ಕನದು ಕಾಗೆ ಕಾಲು ಗುಬ್ಬಿ ಕಾಲು. ಶಾಲೆಯಲ್ಲಿ ಅವಳು ನನ್ನ ಲೆಕ್ಕ ಮಾಡಿಕೊಡುತ್ತಿದ್ದಳು, ನಾನು ಅವಳ ಪ್ರಬಂಧಗಳನ್ನು ನಕಲು ಬರೆದುಕೊಡುತ್ತಿದ್ದೆ. ಅವಳು ಬರೆದದ್ದನ್ನು ಓದಬಲ್ಲವರು ಭೂಮಿಯ ಮೇಲೆ ಇಬ್ಬರೇ. ಅವಳು ಒಬ್ಬಳು, ನಾನು ಇನ್ನೊಬ್ಬ.

ಹಾಗಾಗಿ ಅಪ್ಪ ಸೌತೆಕಾಯಿ ತೋಟ ನಮ್ಮ ಕೈಗೆ ಕೊಟ್ಟಾಗ ಹಂಚಿಕೆಗೆ ಜಗಳವೇ ಆಗಲಿಲ್ಲ. ಗಿಡಗಳೆಲ್ಲ ಅಕ್ಕನಿಗೆ, ಕಾಗದಗಳೆಲ್ಲ ನನಗೆ. ಅವಳು ಎರಡು ಪಾಲಿಹೌಸ್‌ಗಳಲ್ಲಿ, ಅಂದರೆ ಪ್ಲಾಸ್ಟಿಕ್ ಹೊದಿಸಿದ ಗಿಡದ ಮನೆಗಳಲ್ಲಿ, ಓಡಾಡುತ್ತಾಳೆ, ನಾನು ಕ್ರೇಟು ತುಂಬುವ ಶೆಡ್ಡಿನ ಮೂಲೆಯಲ್ಲಿ ಮೇಜು ಹಾಕಿಕೊಂಡಿದ್ದೇನೆ. ಪಾಲಿಹೌಸ್ ಒಳಗೆ ನಾನು ಹೋಗುವುದಿಲ್ಲ. ಅಲ್ಲಿ ಸೆಕೆ, ಕನ್ನಡಕಕ್ಕೆ ಆವಿ ಕಟ್ಟುತ್ತದೆ.

ಈಗಿನ ಕಾನೂನಿನ ಪ್ರಕಾರ ತೋಟದವರು ತರಕಾರಿಗಿಂತ ಮೊದಲು ರಿಜಿಸ್ಟರ್ ಬೆಳೆಯಬೇಕು. ಯಾವ ದಿನ, ಯಾವ ಹುಳುವಿಗೆ, ಯಾವ ಔಷಧಿ, ಎಷ್ಟು ಹೊಡೆದಿರಿ, ಆಗ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಎಲ್ಲಕ್ಕೂ ಒಂದೊಂದು ಕಾಲಂ. ನಮ್ಮಲ್ಲಿ ಔಷಧಿ ಹೊಡೆಯುವುದು ಅಪ್ಪನ ಕಾಲದಿಂದಲೂ ಮಂಗಳವಾರ. ಮಂಗಳವಾರ ಬರುವುದು ಖಚಿತ, ಎಲೆಯ ಅಡಿಗೆ ಕೆಂಪು ನುಸಿ ಬರುವುದು ಖಚಿತ, ಅಕ್ಕ ಹೊಡೆಯುವುದು ಖಚಿತ. ಇಷ್ಟು ಖಚಿತವಾದದ್ದನ್ನು ಬರೆಯಲು ಅದು ಆಗುವವರೆಗೆ ಏಕೆ ಕಾಯಬೇಕು? ತಿಂಗಳ ಒಂದನೇ ತಾರೀಖು ಬೆಳಿಗ್ಗೆ ಕೂತು ಇಡೀ ತಿಂಗಳನ್ನು ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ ಬರೆದು ಮುಗಿಸುತ್ತಿದ್ದೆ. ಗಾಳಿ ಜೋರಿದ್ದರೆ ಹೊಡೆಯಬಾರದು ಎಂಬ ನಿಯಮವಿರುವುದರಿಂದ ನಮ್ಮಲ್ಲಿ ಗಾಳಿ ಯಾವಾಗಲೂ ಮಂದ, ನೈಋತ್ಯದಿಂದ. ಉಷ್ಣಾಂಶ ಹೋದ ವರ್ಷದ್ದು. ಪುಟ ನೋಡಿದರೆ ಚೌಕಟ್ಟು ಹಾಕಿಸಬೇಕು, ಹಾಗಿರುತ್ತಿತ್ತು.

ತಪಾಸಣೆಯ ಮೇಡಂ ಬಂದದ್ದು ಒಂದು ಬುಧವಾರ ಬೆಳಿಗ್ಗೆ. ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ, ಕೈಚೀಲದಲ್ಲಿ ರಬ್ಬರ್ ಬೂಟು. ಇಂಥವರು ವರ್ಷಕ್ಕೊಮ್ಮೆ ಬರುತ್ತಾರೆ, ರಿಜಿಸ್ಟರ್ ನೋಡುತ್ತಾರೆ, "ಅಕ್ಷರ ಚೆನ್ನಾಗಿದೆ" ಅನ್ನುತ್ತಾರೆ, ಹೋಗುತ್ತಾರೆ. ಅವರು ಕೇಳುವ ಮೊದಲೇ ನಾನು ರಿಜಿಸ್ಟರನ್ನು ಅವರ ಕಡೆ ತಿರುಗಿಸಿ ಇಟ್ಟೆ.

"ಅಕ್ಷರ ಚೆನ್ನಾಗಿದೆ," ಎಂದರು ಮೇಡಂ. ನಾನು ತಲೆ ತಗ್ಗಿಸಿ ಒಪ್ಪಿಕೊಂಡೆ.

"ನೆನ್ನೆ ಔಷಧಿ ಹೊಡೆದಿದೀರಿ."

"ಬರೆದಿದೆಯಲ್ಲ ಮೇಡಂ."

"ಹೊಡೆದ ಮೇಲೆ ಮೂರು ದಿನ ಕೊಯ್ಯೋ ಹಾಗಿಲ್ಲ. ಅಲ್ಲಿ ಗಾಡಿಗೆ ಏರಿಸ್ತಿರೋದು ಏನು?"

ನಾನು ತಿರುಗಿ ನೋಡಿದೆ. "ಸೌತೆಕಾಯಿ," ಎಂದೆ. ಸುಳ್ಳು ಹೇಳುವ ಸ್ವಭಾವ ನನ್ನದಲ್ಲ.

ಮೇಡಂ ಪುಟ ತಿರುಗಿಸಿದರು. ತಿರುಗಿಸಬಾರದಿತ್ತು. "ಮುಂದಿನ ಮಂಗಳವಾರನೂ ಹೊಡೆದುಬಿಟ್ಟಿದೀರಿ," ಎಂದರು. "ನೈಋತ್ಯದಿಂದ ಮಂದ ಗಾಳಿ. ಹವಾಮಾನ ಇಲಾಖೆಯವರಿಗೂ ಇಷ್ಟು ಧೈರ್ಯ ಇಲ್ಲ."

ಅಷ್ಟರಲ್ಲಿ ಅಕ್ಕ ಕೈಯಲ್ಲಿದ್ದ ಕ್ರೇಟು ಇಳಿಸಿ ಒಳಗೆ ಬಂದಳು. "ಅರ್ಜಿ ನೋಡೋಕೆ ಬಂದ್ರಾ ಮೇಡಂ? ಕೆಳಗಿನ ಮನೆಗೆ ಹೋಗೋಣ ಬನ್ನಿ."

"ಯಾವ ಅರ್ಜಿ?" ಎಂದವನು ನಾನು.

ಇಬ್ಬರೂ ನನ್ನನ್ನು ನೋಡಿದರು. ವಿಷಯ ಇಷ್ಟು: ನಮ್ಮ ಕೆಳಗಿನ ಪಾಲಿಹೌಸಿಗೂ ಹೊಳೆಗೂ ಹನ್ನೆರಡು ಹೆಜ್ಜೆ. ಹೊಸ ನಿಯಮದ ಪ್ರಕಾರ ಹೊಳೆಯ ಪಕ್ಕದಲ್ಲಿ ವಿಷ ಹೊಡೆಯುವ ಪಾಲಿಹೌಸ್ ಇರಕೂಡದು. ಒಂದೋ ಕಿತ್ತುಹಾಕಬೇಕು, ಇಲ್ಲವೋ ನಾಲ್ಕು ತಿಂಗಳು ಒಂದು ಹನಿಯೂ ಹೊಡೆಯದೆ ಬೆಳೆ ತೆಗೆದು ತೋರಿಸಿ ಪರವಾನಗಿ ಪಡೆಯಬೇಕು. ಅಕ್ಕ ಎರಡನೆಯದಕ್ಕೆ ಕೈಹಾಕಿದ್ದಳು. ಕೆಂಪು ನುಸಿಯನ್ನು ತಿನ್ನುವ ಇನ್ನೊಂದು ಜಾತಿಯ ಒಳ್ಳೇ ನುಸಿ ಇದೆಯಂತೆ. ಅದನ್ನು ಕಾಗದದ ಪೊಟ್ಟಣಗಳಲ್ಲಿ ತರಿಸಿ ಗಿಡಗಿಡಕ್ಕೂ ತೂಗುಹಾಕಿದ್ದಳು. ಹದಿನೇಳು ವಾರದಿಂದ ಎರಡೂ ಪಾಲಿಹೌಸ್‌ಗಳಲ್ಲಿ ಔಷಧಿಯ ಬಾಟಲಿಯನ್ನೇ ಮುಟ್ಟಿರಲಿಲ್ಲ. ಆ ಹದಿನೇಳು ವಾರವೂ ನಾನು ಮುತ್ತಿನಂಥ ಅಕ್ಷರದಲ್ಲಿ ಹೊಡೆದಿದ್ದೆ.

"ನಂಗೆ ಹೇಳೋದಲ್ವಾ?" ಎಂದು ಅಕ್ಕನ ಮೇಲೆ ರೇಗಿದೆ. ತಪ್ಪು ಮಾಡಿದಾಗ ನನಗೆ ಬೇಗ ಸಿಟ್ಟು ಬರುತ್ತದೆ.

ಅಕ್ಕ ಬೀರು ತೆಗೆದು ಬಾಟಲಿಗಳನ್ನು ತೋರಿಸಿದಳು. ಒಂದಕ್ಕೂ ಮುಚ್ಚಳದ ಸೀಲು ಒಡೆದಿರಲಿಲ್ಲ. ನನ್ನ ದಾಸ್ತಾನು ಪುಸ್ತಕದ ಪ್ರಕಾರ ಅವುಗಳಲ್ಲಿ ಮುಕ್ಕಾಲು ಪಾಲು ಖಾಲಿಯಾಗಿತ್ತು. ಮೇಡಂ ಬಾಟಲಿಗಳನ್ನು ಎರಡು ಸಲ ಎಣಿಸಿದರು.

"ನೋಡಿ," ಎಂದರು ಕೊನೆಗೆ, "ಹೊಡೆದು ಬರೆಯದೆ ಇರೋರಿಗೆ ನಮ್ಮಲ್ಲಿ ಫಾರಂ ಇದೆ. ಬರೆದು ಹೊಡೆಯದೆ ಇರೋರಿಗೆ ಇಲ್ಲ. ಬಾಟಲಿ ಬೇರೆ ಕಡೆಯಿಂದ ತಂದು ಇಟ್ಟಿರಬಹುದು. ಎಲೆ ತಗೊಂಡುಹೋಗಿ ಪರೀಕ್ಷೆ ಮಾಡಿಸ್ತೀನಿ, ಆದ್ರೆ ಅದು ಹೆಚ್ಚು ಅಂದ್ರೆ ಎರಡು ವಾರದ ಕಥೆ ಹೇಳುತ್ತೆ. ನಾಲ್ಕು ತಿಂಗಳಿಗೆ ದಾಖಲೆ ಬೇಕು. ದಾಖಲೆ ಇದು." ರಿಜಿಸ್ಟರಿನ ಮೇಲೆ ಬೆರಳಿಟ್ಟರು. "ಇದ್ರ ಪ್ರಕಾರ ಕೆಳಗಿನ ಮನೆ ಬಿಚ್ಚಬೇಕಾಗುತ್ತೆ."

ಅಕ್ಕನ ಮುಖ ಬಿಳಿಚಿಕೊಂಡಿತು. ಆ ಮನೆಯ ಒಂದೊಂದು ಕಂಬವನ್ನೂ ಅವಳೇ ನಿಂತು ನೆಡಿಸಿದ್ದು. ಪೆನ್ನು ಹಿಡಿದು ಕೂತವನೊಬ್ಬ ಒಂದು ಮನೆ ಬೀಳಿಸಬಹುದು ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

"ನನ್ನ ಹತ್ರ ಬೇರೆ ದಾಖಲೆ ಇದೆ," ಎಂದಳು ಅಕ್ಕ. "ಆದ್ರೆ ಅಷ್ಟು ಚೆನ್ನಾಗಿಲ್ಲ."

ಕೆಳಗಿನ ಪಾಲಿಹೌಸಿಗೆ ಹೋದೆವು. ಕನ್ನಡಕಕ್ಕೆ ಆವಿ ಕಟ್ಟಿತು. ಒರೆಸಿಕೊಂಡು ನೋಡಿದರೆ ಬಾಗಿಲ ಪಕ್ಕದ ಮೊದಲ ಸಾಲಿನ ಬುಡದಲ್ಲಿ ಸಸಿಗಳಿಗೆ ಚುಚ್ಚುವ ಬಿಳಿ ಪ್ಲಾಸ್ಟಿಕ್ ಪಟ್ಟಿಗಳು ನಿಂತಿದ್ದವು, ಹದಿನೇಳು. ಪ್ರತಿ ಮಂಗಳವಾರ ಅಕ್ಕ ನೂರು ಎಲೆ ತಿರುವಿ ನುಸಿ ಎಣಿಸಿ, ಪೆನ್ಸಿಲಿನಲ್ಲಿ ಒಂದು ಪಟ್ಟಿ ಬರೆದು ಮಣ್ಣಿಗೆ ಚುಚ್ಚಿದ್ದಳು. ಕೆಲವಕ್ಕೆ ಪಾಚಿ ಹಿಡಿದಿತ್ತು.

ಮೇಡಂ ಒಂದನ್ನು ಕಿತ್ತು ಭೂತಗನ್ನಡಿಯಲ್ಲಿ ನೋಡಿದರು. ತಿರುಗಿಸಿ ನೋಡಿದರು. "ಇದು ಯಾವ ಭಾಷೆ?"

"ನಮ್ಮದೇ," ಎಂದೆ.

"ನಾನು ಓದ್ತೀನಿ ಕೊಡಿ," ಎಂದು ಅಕ್ಕ ಕೈಚಾಚಿದಳು.

"ಬೇಡ. ಬರೆದವರೇ ಓದಿದ್ರೆ ಏನು ಬೇಕಾದ್ರೂ ಓದಬಹುದು. ನೀವು ಆಚೆ ನಿಂತಿರಿ. ಮೊದಲು ಇವರು ಓದಲಿ, ನಾನು ಬರ್ಕೊಳ್ತೀನಿ. ಆಮೇಲೆ ನೀವು ಬಂದು ಓದಿ. ಎರಡೂ ಒಂದೇ ಇದ್ರೆ ಒಪ್ಕೋತೀನಿ. ಒಂದೇ ಇಲ್ದಿದ್ರೆ ಇಲ್ಲ."

ಅಕ್ಕ ಹೊರಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಮೊಣಕಾಲೂರಿ ಮೊದಲ ಪಟ್ಟಿ ಕಿತ್ತೆ.

"ಮೊದಲ ವಾರ. ಕೆಂಪು ಇನ್ನೂರ ಹನ್ನೆರಡು. ಒಳ್ಳೇದು ಇಲ್ಲ. ಪೊಟ್ಟಣ ಕಟ್ಟಿದೆ. ಔಷಧಿ ಇಲ್ಲ." ಮೇಡಂ ಬರೆದುಕೊಂಡರು. ಪಟ್ಟಿಯಲ್ಲಿ ಇನ್ನೊಂದು ಸಾಲಿತ್ತು. ಅದನ್ನು ನೋಡಿ ನಾನು ಸುಮ್ಮನಾದೆ.

"ಅಷ್ಟೇನಾ?"

ಅಷ್ಟೇ ಅಂದಿದ್ದರೆ ಅಷ್ಟೇ ಆಗುತ್ತಿತ್ತು. ಓದಬಲ್ಲವರು ಇಬ್ಬರೇ, ಒಬ್ಬಳು ಬಾಗಿಲಾಚೆ. ಆದರೆ ಅವಳು ಬಂದು ಇದ್ದದ್ದನ್ನು ಇದ್ದ ಹಾಗೆ ಓದುತ್ತಾಳೆ. ಒಂದು ಪದ ಹೆಚ್ಚುಕಮ್ಮಿಯಾದರೂ ಮನೆ ಹೋಗುತ್ತದೆ. ಉಳಿದ ಸಾಲನ್ನೂ ಓದಿದೆ.

"ತಮ್ಮನಿಗೆ ಹೇಳಿದೆ. ಹೂಂ ಅಂದ."

ಮೇಡಂ ಪೆನ್ನು ಒಂದು ಕ್ಷಣ ನಿಂತು ಮುಂದೆ ಹೋಯಿತು.

ನಾಲ್ಕನೇ ವಾರ ಕೆಂಪು ಮುನ್ನೂರು ದಾಟಿತ್ತು. "ನಿದ್ದೆ ಬರಲಿಲ್ಲ" ಎಂದು ಬರೆದಿದ್ದಳು. ಆರನೇ ವಾರ ಒಳ್ಳೆಯವು ನಲವತ್ತು, ಕೆಂಪು ನೂರ ಎಂಬತ್ತು. "ತಮ್ಮನನ್ನು ನೋಡಲು ಕರೆದೆ. ಸೆಕೆ ಅಂದ." ಒಂಬತ್ತನೇ ವಾರ ಕೆಂಪು ಅರವತ್ತಕ್ಕೆ ಇಳಿದಿತ್ತು. ಹನ್ನೊಂದನೆಯದರಲ್ಲಿ ಹೊಳೆಯ ಹತ್ತಿರ ಕಪ್ಪೆ ಕೂಗುವುದು ಕೇಳಿಸಿತೆಂದು ಇತ್ತು. ಹದಿಮೂರನೇ ವಾರ: "ಅರ್ಜಿ ಕೊಟ್ಟೆ. ತಿಂಡಿ ತಿನ್ನುವಾಗ ತಮ್ಮನಿಗೆ ಹೇಳಿದೆ. ಹೂಂ ಅಂದ. ಕೇಳಿಸಿಕೊಂಡಿಲ್ಲ."

ಅದನ್ನು ಓದುವಾಗ ನನ್ನ ದನಿ ಸರಿಯಾಗಿ ಹೊರಡಲಿಲ್ಲ. ಮೇಡಂ "ಇನ್ನೊಂದು ಸಲ ಹೇಳಿ" ಎಂದರು. ಇನ್ನೊಂದು ಸಲ ಹೇಳಿದೆ. ಕಣ್ಣಲ್ಲಿ ನೀರು ಬಂದಿತ್ತು. ಕನ್ನಡಕದ ಆವಿ ಅಂತ ಮೇಡಂ ತಿಳಿದುಕೊಂಡಿರಬೇಕು, ಅಥವಾ ಹಾಗೆ ನಟಿಸಿದರು.

ಹದಿನೇಳೂ ಮುಗಿದವು. ನನ್ನನ್ನು ಪಕ್ಕಕ್ಕೆ ನಿಲ್ಲಿಸಿ, ಬಾಯಿ ತೆರೆಯಬಾರದೆಂದು ಹೇಳಿ, ಮೇಡಂ ಅಕ್ಕನನ್ನು ಕರೆದರು.

ಅಕ್ಕ ಮೊದಲ ಪಟ್ಟಿ ಹಿಡಿದಳು. "ಮೊದಲ ವಾರ. ಕೆಂಪು ಇನ್ನೂರ ಹನ್ನೆರಡು. ಒಳ್ಳೇದು ಇಲ್ಲ. ಪೊಟ್ಟಣ ಕಟ್ಟಿದೆ. ಔಷಧಿ ಇಲ್ಲ." ನನ್ನ ಕಡೆ ಒಂದು ನೋಟ ನೋಡಿದಳು. "ಅಷ್ಟೇ," ಎಂದು ಪಟ್ಟಿಯನ್ನು ಕೆಳಗಿಟ್ಟಳು.

ನಾನು ಬಾಯಿಗೆ ಕೈ ಅಡ್ಡ ಹಿಡಿದೆ. ಆರನೆಯದಕ್ಕೂ ಅಷ್ಟೇ ಅಂದಳು. ಹದಿಮೂರನೆಯದರಲ್ಲಿ "ಅರ್ಜಿ ಕೊಟ್ಟೆ" ಎಂಬಲ್ಲಿಗೆ ನಿಲ್ಲಿಸಿದಳು. ಅವಳು ನನ್ನ ಮಾನ ಕಾಪಾಡುತ್ತಿದ್ದಳು, ಮನೆ ಕಳೆದುಕೊಳ್ಳುತ್ತಿದ್ದಳು, ನಾನು ಬಾಯಿಬಿಡುವ ಹಾಗಿರಲಿಲ್ಲ.

ಮೇಡಂ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡರು. "ಸಂಖ್ಯೆಗಳೆಲ್ಲ ಸರಿ ಇವೆ," ಎಂದರು. "ಮೂರು ಪಟ್ಟೀಲಿ ನೀವು ಕಮ್ಮಿ ಓದಿದೀರಿ."

"ಅದು... ಮನೆ ವಿಷಯ ಮೇಡಂ."

"ಇವರು ಓದಿದ್ರು."

ಅಕ್ಕ ನನ್ನ ಕಡೆ ತಿರುಗಿದಳು. "ಅದನ್ನೂ ಓದಿದ್ಯಾ?"

"ಹೂಂ," ಎಂದೆ.

ಮೇಡಂ ಬೂಟಿನ ಮಣ್ಣು ಕೊಡವಿದರು. "ಕಟ್ಟುಕತೆ ಮಾಡೋರು ಮೊದಲೇ ಮಾತಾಡ್ಕೊಂಡು ಇಬ್ಬರೂ ಒಂದೇ ತರ ಓದ್ತಾರೆ. ಒಬ್ಬರು ಇನ್ನೊಬ್ಬರ ಮರ್ಯಾದೆ ನೋಡಲ್ಲ," ಎಂದರು. "ಎಲೆ ಪರೀಕ್ಷೇಲಿ ಏನೂ ಬರದಿದ್ರೆ ನಿಮ್ಮ ಮನೆ ನಿಂತ್ಕೊಳ್ಳುತ್ತೆ. ಇವತ್ತಿನ ಸೌತೆಕಾಯಿ ಮಾತ್ರ ಫಲಿತಾಂಶ ಬರೋವರೆಗೂ ಶೆಡ್ಡಲ್ಲೇ ಇರಲಿ." ಆಮೇಲೆ ನನ್ನ ಕಡೆ ನೋಡಿದರು. "ನೀವು ಎಲ್ಲಾ ಸಾಲು ಹೊಡೆದುಹಾಕಿ ಸಹಿ ಮಾಡಿ. ಆ ಪಟ್ಟೀಲಿ ಇರೋದನ್ನ ಇದ್ದ ಹಾಗೆ ಹೊಸ ಪುಟದಲ್ಲಿ ಬರೀರಿ. ಪೂರ್ತಿ."

ಪೂರ್ತಿ ಬರೆದೆ. ಷರಾ ಎಂಬ ಕಾಲಂ ನಮ್ಮ ರಿಜಿಸ್ಟರಿನಲ್ಲಿ ಮೊದಲಿನಿಂದ ಖಾಲಿ ಇರುತ್ತಿತ್ತು. ಈಗ ಅದರಲ್ಲಿ ಮುತ್ತಿನಂಥ ಅಕ್ಷರದಲ್ಲಿ, ಒಂದೇ ಓರೆಯಲ್ಲಿ, "ತಮ್ಮನಿಗೆ ಹೇಳಿದೆ. ಹೂಂ ಅಂದ" ಎಂದಿದೆ. ಸರ್ಕಾರಿ ದಾಖಲೆ, ಐದು ವರ್ಷ ಕಾಯ್ದಿಡಬೇಕು. ಬರೆಯುವಷ್ಟು ಹೊತ್ತೂ ಅಕ್ಕ ಎದುರಿಗೆ ಕೂತಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎಲೆಯಲ್ಲಿ ಏನೂ ಸಿಗಲಿಲ್ಲ ಎಂದು ಸೋಮವಾರ ಕಾಗದ ಬಂತು. ಮಾರನೆಯ ದಿನ ತಿಂಡಿ ಮುಗಿದ ಕೂಡಲೇ ನಾನು ಅಕ್ಕನ ಹಿಂದೆ ಕೆಳಗಿನ ಮನೆಗೆ ಹೋದೆ. ಅವಳ ಭೂತಗನ್ನಡಿ ಹಿಡಿದು ನೂರು ಎಲೆ ತಿರುವಿದೆ. ಬೆನ್ನು ಹಿಡಿದುಕೊಂಡಿತು. ಕೆಂಪು ನಾಲ್ಕು ಎಂದು ಹೇಳಿ, ಕೈ ತೊಳೆದು, ಶೆಡ್ಡಿಗೆ ಬಂದು ರಿಜಿಸ್ಟರಿನಲ್ಲಿ ನಾಲ್ಕು ಎಂದು ಬರೆದೆ. ಗಾಳಿ ನೋಡಲು ಕಿಟಕಿಯಾಚೆ ಕೈ ಚಾಚಿದೆ. ಉತ್ತರದಿಂದ ಬರುತ್ತಿತ್ತು.

ಸಂಜೆ ಬಾಗಿಲು ಹಾಕಲು ಹೋದಾಗ ಹದಿನೆಂಟನೇ ಪಟ್ಟಿ ಕಂಡಿತು. ಬಗ್ಗಿ ಓದಿದೆ. "ಕೆಂಪು ಐದು. ತಮ್ಮ ಎಣಿಸಿದ. ಒಂದು ಬಿಟ್ಟ."

ಶೆಡ್ಡಿಗೆ ವಾಪಸು ಹೋಗಿ ನಾಲ್ಕನ್ನು ಹೊಡೆದುಹಾಕಿ ಐದು ಎಂದು ತಿದ್ದಿದೆ. ಪುಟ ಹಾಳಾಯಿತು.