ವಾಪಸು ಬಂದ ಕುಡಿಕೆ

ನನ್ನ ತಲೆನೋವಿಗೆ ಕಾರಣ ರುಆನ್ ಲಿಂಗ್‌ಫೆನ್ ಎಂದು ಮೆಂಗ್ ವೈದ್ಯರಿಗೆ ಮೊದಲ ದಿನವೇ ಹೇಳಿಬಿಟ್ಟೆ. ಅವರು ನನ್ನ ಎಡ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚಿದ್ದರು. ನಾಡಿ ನೋಡುವಾಗ ಮಾತಾಡಬೇಡಿ ಎಂದರು. ಬಾಯಿ ಮುಚ್ಚಿಕೊಂಡರೆ ನನ್ನ ತಲೆ ಇನ್ನೂ ಸಿಡಿಯುತ್ತದೆ, ಪಾಪ, ಅವರಿಗೇನು ಗೊತ್ತು.

ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿಸಿಯಾಗಿತ್ತು. ತಲೆಯೊಳಗೆ ಏನೂ ಇಲ್ಲ ಎಂದು ಅಲ್ಲಿಯವರು ಹೇಳಿದ್ದನ್ನೇ ಹಿಡಿದುಕೊಂಡು ನನ್ನ ಮಗಳು ವಾರವಿಡೀ ನಕ್ಕಳು. ಮೆಂಗ್ ನಗಲಿಲ್ಲ. ನಾಲಿಗೆ ಚಾಚಿ ಎಂದರು, ಅಂಚು ಕೆಂಪಾಗಿದೆ ಎಂದರು. ನೋವು ಹಣೆಯಲ್ಲೋ, ನೆತ್ತಿಯಲ್ಲೋ, ಕತ್ತಿನ ಹಿಂದೋ ಎಂದು ಕೇಳಿದರು. ಅವರ ಪ್ರಕಾರ ಅವೆಲ್ಲ ಬೇರೆ ಬೇರೆ ಕಾಯಿಲೆ. ನನ್ನದು ಪಕ್ಕದ್ದು, ಕಿವಿಯ ಮೇಲಿಂದ ಕಣ್ಣಿನ ಕೊನೆಯವರೆಗೆ. ಬೆಳಿಗ್ಗೆ ಎದ್ದರೆ ಬಾಯೆಲ್ಲ ಕಹಿ. ಅದು ಪಿತ್ತಕೋಶದ ದಾರಿ, ಬೇರು ಇರುವುದು ಯಕೃತ್ತಿನಲ್ಲಿ ಎಂದು ಅವರು ವಿವರಿಸಿದರು. ಹೊರಗೆ ಹೋಗದೆ ಉಳಿದ ಸಿಟ್ಟು ಅಲ್ಲಿ ಕಾದು ಕಾದು ಶಾಖವಾಗಿ ತಲೆಗೆ ಏರುತ್ತದಂತೆ. ನನ್ನ ನಾಡಿ ಬಿಗಿದ ತಂತಿಯ ಹಾಗಿದೆಯಂತೆ.

ಹೊರಗೆ ಹೋಗದ ಸಿಟ್ಟೇ, ಅದೂ ನನ್ನಲ್ಲಿ? ಷಾವೊಶಿಂಗ್‌ನ ನಮ್ಮ ಗಲ್ಲಿಯಲ್ಲಿ ಯಾರನ್ನಾದರೂ ಕೇಳಿ ಬನ್ನಿ ಎಂದೆ.

“ಎಲ್ಲರ ಮೇಲೂ ಕೂಗಾಡ್ತೀರಿ ಬಾವ್‌ಚಿನ್ ಅಮ್ಮ, ಸರಿ. ಯಾರ ಮೇಲೆ ಕೂಗಾಡಬೇಕೋ ಅವರ ಮೇಲೆ ಕೂಗಾಡಿದ್ರಾ?” ಎಂದರು.

ಆಗ ಕುಡಿಕೆಯ ವಿಷಯ ಹೇಳಿದೆ. ಲಿಂಗ್‌ಫೆನ್ ಮತ್ತು ನಾನು ರೇಷ್ಮೆ ಗಿರಣಿಯಲ್ಲಿ ಅಕ್ಕಪಕ್ಕದ ಮಗ್ಗದವರು. ಆ ಗದ್ದಲದಲ್ಲಿ ತುಟಿ ನೋಡಿಯೇ ಮಾತು ತಿಳಿದುಕೊಂಡವರು. ಅವಳ ಗಂಡ ಗೆನ್‌ಫು ಹಾಸಿಗೆ ಹಿಡಿದಾಗ ನನ್ನ ಕಷಾಯದ ಕುಡಿಕೆಯನ್ನು ಒಯ್ದಳು. ಕಷಾಯದ ಕುಡಿಕೆ ಎರವಲು ಕೊಡಬಹುದು, ಆದರೆ ತೆಗೆದುಕೊಂಡವರು ಅದನ್ನು ತಾವಾಗಿ ಹಿಂದಿರುಗಿಸಬಾರದು. ಹಿಂದಿರುಗಿಸಿದರೆ ಕಾಯಿಲೆಯನ್ನೇ ತಂದು ಬಾಗಿಲಿಗಿಟ್ಟ ಹಾಗೆ. ಕೊಟ್ಟವರ ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಅವರೇ ಹೋಗಿ ತರಬೇಕು. ನಮ್ಮೂರಿನ ಚಿಕ್ಕ ಮಕ್ಕಳಿಗೂ ಗೊತ್ತಿರುವ ಮಾತು ಇದು. ಗೆನ್‌ಫು ತೀರಿಕೊಂಡ ತಿಂಗಳೆರಡರಲ್ಲಿ, ಒಂದು ಬೆಳಿಗ್ಗೆ, ನನ್ನ ಹೊಸ್ತಿಲ ಮೇಲೆ ಆ ಕುಡಿಕೆ ಕೂತಿತ್ತು. ಚೆನ್ನಾಗಿ ತೊಳೆದು, ಮುಚ್ಚಳವನ್ನು ದಾರದಲ್ಲಿ ಕಟ್ಟಿ ಇಟ್ಟಿದ್ದರು. ಕೈಯಲ್ಲಿ ಮುಟ್ಟದೆ ಪೊರಕೆಯಿಂದ ಮೆಟ್ಟಿಲ ಕೆಳಗಿನ ಸಂದಿಗೆ ತಳ್ಳಿದೆ, ಇನ್ನೂ ಅಲ್ಲೇ ಬಿದ್ದಿದೆ. ಆಮೇಲೆ ಶುರುವಾಯಿತು ನೋಡಿ ತಲೆನೋವು. ಅಂದಿನಿಂದ ಅವಳ ಮುಖ ನೋಡಿಲ್ಲ. ತರಕಾರಿ ಅಂಗಡಿಯಲ್ಲಿ ಎದುರಾದರೂ ಬೆನ್ನು ತಿರುಗಿಸಿದ್ದೇನೆ.

ಮೆಂಗ್ ಕೂಡ ಇದೇ ಊರಿನವರು. ನನ್ನನ್ನು ಮೂಢಳೆಂದು ಬೈಯಲಿಲ್ಲ. ತಮ್ಮ ತಾಯಿಗೆ ಹೀಗಾಗಿದ್ದರೆ ಅವರೂ ಉರಿದುಬೀಳುತ್ತಿದ್ದರು ಎಂದರು. “ಕುಡಿಕೆಯಿಂದ ತಲೆ ನೋಯಲ್ಲ. ಆದ್ರೆ ನೀವು ದಿನಾ ಮೆಟ್ಟಿಲು ಹತ್ತುವಾಗ ಅದನ್ನ ನೋಡ್ತೀರಲ್ಲ, ಅದರಿಂದ ನೋಯುತ್ತೆ. ಔಷಧಿ ಶಾಖ ಇಳಿಸುತ್ತೆ. ಒಲೆ ಆರಿಸೋದು ನಿಮ್ಮ ಕೈಯಲ್ಲಿದೆ,” ಎಂದರು. ಕೈಯ ಹೆಬ್ಬೆರಳ ಬುಡಕ್ಕೆ, ಪಾದಕ್ಕೆ, ಕಿವಿಯ ಹತ್ತಿರ ಸೂಜಿ ಚುಚ್ಚಿದರು. ಸೇವಂತಿಗೆ, ಎಂಥದೋ ಬೇರು, ಕೊಕ್ಕೆಯ ಹಾಗೆ ಬಾಗಿದ ಮುಳ್ಳುಕಡ್ಡಿ ಎಲ್ಲ ಕಟ್ಟಿಕೊಟ್ಟರು. ಮಣ್ಣಿನ ಕುಡಿಕೆಯಲ್ಲೇ ಕುದಿಸಬೇಕು, ಮುಳ್ಳುಕಡ್ಡಿ ಕೊನೆಯಲ್ಲಿ ಹಾಕಬೇಕು.

ಅಂಗಡಿಯವರೇ ಕುದಿಸಿ ಪೊಟ್ಟಣದಲ್ಲಿ ಕೊಡುತ್ತಾರೆ, ಇಲ್ಲವೇ ಹೊಸ ಕುಡಿಕೆ ತಗೋ ಎಂದಳು ಮಗಳು. ನಾನು ಕೇಳಲಿಲ್ಲ. ಒಲೆ ಆರಿಸಬೇಕು ತಾನೆ? ಆರಿಸುತ್ತೇನೆ. ಕಾಯಿಲೆ ಕಳಿಸಿದವಳಿಗೇ ಕಾಯಿಲೆ ವಾಪಸು ಹೋಗಲಿ. ಮೆಟ್ಟಿಲ ಕೆಳಗಿದ್ದ ಕುಡಿಕೆಯನ್ನು ಔಷಧಿ ಇದ್ದ ಚೀಲಕ್ಕೇ ತುರುಕಿಕೊಂಡು ಹೊರಟೆ. ಕಾಲುವೆಯ ಸೇತುವೆ ದಾಟುವಾಗ, ಅವಳಿಗೆ ಏನೇನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೆ. ಅದರಲ್ಲಿ ಒಂದಾದರೂ ಒಳ್ಳೆಯ ಮಾತಿರಲಿಲ್ಲ.

ಲಿಂಗ್‌ಫೆನ್ ಬಾಗಿಲು ತೆರೆದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಚೀಲದಿಂದ ಕುಡಿಕೆ ತೆಗೆದು ಅವಳ ಮುಖಕ್ಕೆ ಹಿಡಿದೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಮುಖದ ಬಣ್ಣವೇ ಇಳಿದುಹೋಯಿತು.

“ಯಾರಿಗೆ ಹುಷಾರಿಲ್ಲ ಕಣೇ?” ಎಂದಳು.

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ನನಗೇ, ತಲೆನೋವು ಎಂದೆ. ಆಮೇಲೆ ಜ್ಞಾಪಕ ಬಂದು, ಇದನ್ನು ಯಾಕೆ ನನ್ನ ಹೊಸ್ತಿಲಿಗೆ ತಂದಿಟ್ಟೆ ಎಂದು ಕೂಗಿದೆ.

ಅವಳು ತಂದಿಟ್ಟಿರಲಿಲ್ಲ. ಷೆನ್‌ಜೆನ್‌ನಿಂದ ಬಂದಿದ್ದ ಅವಳ ಮಗ ಅಪ್ಪನ ಸಾಮಾನು ಚೊಕ್ಕಟ ಮಾಡುವಾಗ, ಇದು ಬಾವ್‌ಚಿನ್ ಅತ್ತೆಯದು, ಕೊಟ್ಟುಬಿಡೋಣ ಎಂದುಕೊಂಡಿರಬೇಕು. ಓದಿದ ಹುಡುಗ, ಇಂಥದ್ದನ್ನೆಲ್ಲ ನಂಬುವವನಲ್ಲ, ಅಮ್ಮನಿಗೆ ಹೇಳಲೂ ಇಲ್ಲ. ಕುಡಿಕೆ ಕಾಣದಾದಾಗ ಲಿಂಗ್‌ಫೆನ್ ತಿಳಿದದ್ದು ಬೇರೆಯೇ. ತಾನು ಮನೆಯಲ್ಲಿಲ್ಲದಾಗ ನಾನು ಬಂದು ಒಯ್ದಿದ್ದೇನೆ, ನಮ್ಮ ಮನೆಯಲ್ಲಿ ಯಾರೋ ಮಲಗಿದ್ದಾರೆ ಎಂದು.

“ದಿನಾ ಬೆಳಿಗ್ಗೆ ನಿಮ್ಮನೆ ಮುಂದೆ ಹಾದುಹೋಗ್ತಿದ್ದೆ ಕಣೇ. ಕಾಯಿಲೆ ಮನೆ ಬಿಟ್ಟು ಹೋಗ್ಲಿ ಅಂತ ಕಷಾಯದ ಚರಟ ದಾರೀಲಿ ಚೆಲ್ತೀವಲ್ಲ, ನೀವೂ ಚೆಲ್ಲಿದೀರಾ ಅಂತ ನೋಡ್ತಿದ್ದೆ. ಚರಟ ಇರ್ಲಿಲ್ಲ. ಹಾಗಾದ್ರೆ ಯಾರಿಗೂ ಕಾಯಿಲೆ ಇಲ್ಲ. ಕಾಯಿಲೆ ಇಲ್ದೆ ಕುಡಿಕೆ ಯಾಕೆ ಒಯ್ದಳು? ಸಾವಾದ ಮನೇಲಿ ತನ್ನ ವಸ್ತು ಇರೋದು ಬೇಡ ಅಂತ. ಅಷ್ಟೇ ಅಂದ್ಕೊಂಡೆ.”

ಅಯ್ಯೋ, ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಅಳು ತಡೆಯಲು ಹೋಗಿ ಮತ್ತೆ ಬೈದೆ. ಅಷ್ಟು ದಿನ ಬಾಗಿಲವರೆಗೆ ಬಂದವಳು ಒಮ್ಮೆ ತಟ್ಟಿ ಕೇಳಬಾರದಿತ್ತೇ ಎಂದೆ.

ಅವಳು ನನ್ನ ಕೈಯಿಂದ ಚೀಲವನ್ನೂ ಕುಡಿಕೆಯನ್ನೂ ತೆಗೆದುಕೊಂಡು ಒಳಗೆ ಹೋದಳು. ನಾನು ಹಿಂದೆಯೇ ಹೋದೆ. ಬೇರುಗಳನ್ನು ನೀರಲ್ಲಿ ನೆನೆಹಾಕಿದಳು, ಒಲೆ ಹಚ್ಚಿದಳು. ಬೆನ್ನು ನನ್ನ ಕಡೆಗಿತ್ತು.

“ತಟ್ಟಿದ್ರೆ ತೆಗೀತಿದ್ಯಾ?” ಎಂದಳು.

ತೆಗೆಯುತ್ತಿದ್ದೆ ಎನ್ನಲು ಬಾಯಿ ತೆರೆದೆ. ಅಷ್ಟು ವರ್ಷ ತುಟಿ ನೋಡಿ ಮಾತು ತಿಳಿದವಳು ಅವಳು. ತಿರುಗಿ ನನ್ನ ತುಟಿಯನ್ನೇ ನೋಡುತ್ತಿದ್ದಳು.

“ಇಲ್ಲ,” ಎಂದೆ.

ಲಿಂಗ್‌ಫೆನ್ ತಲೆಯಾಡಿಸಿದಳು. ಕೂರು, ಕಷಾಯಕ್ಕೆ ಇನ್ನೂ ಹೊತ್ತಾಗುತ್ತದೆ ಎಂದು ಗೆನ್‌ಫು ಕೂರುತ್ತಿದ್ದ ಬಿದಿರಿನ ಕುರ್ಚಿಯನ್ನು ತೋರಿಸಿದಳು.