ಒಂಬತ್ತು ಪಾದ

"ದೊಡ್ಡಪ್ಪನ ಪಾದದ ಅಳತೆ ಯಾರ ಹತ್ರ ಐತ್ರಿ?" ಗುದ್ದಲಿ ಹೆಗಲಿಗೇರಿಸುತ್ತ ಬಕ್ಕೇಶ್ ಕೇಳಿದ.

ಯಾರ ಹತ್ತಿರವೂ ಇರಲಿಲ್ಲ. ಸಮಾಧಿಯ ಗುಂಡಿ ಸತ್ತವರ ಪಾದದಲ್ಲೇ ಒಂಬತ್ತು ಪಾದ ಇರಬೇಕು. ಅಳೆಯುವುದನ್ನು ಮರೆತು ನಾಗರಾಜಪ್ಪನನ್ನು ಕಾಲು ಮಡಿಸಿ ಕೂರಿಸಿ, ಬಟ್ಟೆ ಬಿಗಿದು, ವಿಭೂತಿ ಹಚ್ಚಿಯಾಗಿತ್ತು.

"ಪೂಜೆ ಆದ್ಮ್ಯಾಲೆ ಬಿಚ್ಚೋದು ಬ್ಯಾಡ," ಎಂದರು ಸ್ವಾಮಿಗಳು.

"ಟೇಪ್ ಹಿಡಿಯಾನ ಬಿಡ್ರಿ ಅತ್ತೆ. ಪಾದ ಅಂದ್ರೆ ಒಂದಡಿ, ಎಲ್ರುದೂ ಒಂದೇ," ಎಂದ ಬಕ್ಕೇಶ್.

ತೀರಿಕೊಂಡ ತಮ್ಮನ ಪಕ್ಕ ಕೂತಿದ್ದ ಮರುಳಸಿದ್ದಮ್ಮ ತಲೆ ಎತ್ತಿದಳು. "ನಿನ್ ಪಾದ ಹೊಳಿಗೆ ಅಡ್ಡ ಇಟ್ರೆ ಹರಿಹರಕ್ಕೆ ಹನಿ ನೀರಿಲ್ಲ. ಎಲ್ರುದೂ ಒಂದೇ ಅಂತೆ."

ಅಳುತ್ತಿದ್ದವರೂ ನಕ್ಕರು. ಮೂಲೆಯಲ್ಲಿದ್ದ ನಾಗರಾಜಪ್ಪನ ಮಗಳು ಕೃತಿಕಾ ಮಾತ್ರ ನಗದೆ ಎದ್ದು ಒಳಗೆ ಹೋದಳು.

"ಪಾಪ, ಅಪ್ಪ ಹೋಗಿದ್ದು ಆ ಹುಡುಗಿಗೆ ತಿಳಿದೈತೋ ಇಲ್ಲೋ," ಎಂದಳು ಪಕ್ಕದ ಮನೆಯ ನಾಗಕ್ಕ.

ಮರುಳಸಿದ್ದಮ್ಮನ ನಗು ಅಲ್ಲೇ ನಿಂತಿತು.

*

ವರ್ಷಗಳ ಹಿಂದಿನ ಮಾತು, ಕೃತಿಕಾಗೆ ಆಗ ಏಳು ವರ್ಷ. ಶಾಲೆಯವರು ಬುದ್ಧಿ ಅಳೆಸಿಕೊಂಡು ಬನ್ನಿ ಎಂದಿದ್ದರು. ನಿಜಲಿಂಗಪ್ಪ ಬಡಾವಣೆಯ ಒಂದು ಕೋಣೆಯಲ್ಲಿ ಬುದ್ಧಿ ಅಳೆಯುವ ಮೇಡಂ ಹಾಳೆ ಕೊಟ್ಟು, "ಒಬ್ಬ ಮನುಷ್ಯನ ಚಿತ್ರ ಬರಿ," ಎಂದರು. ಹುಡುಗಿ ಹಾಳೆಯನ್ನು ನೆಲದ ಮೇಲಿಟ್ಟು, ಅಪ್ಪನ ಚಪ್ಪಲಿ ಬಿಡಿಸಿ, ಬಲಗಾಲನ್ನು ಅದರ ಮೇಲಿಡಿಸಿ ಸುತ್ತ ಪೆನ್ಸಿಲ್ ಎಳೆದಳು. ಕುಡುಗೋಲು ತಾಗಿ ಸೊಟ್ಟಗಾಗಿದ್ದ ಕಿರುಬೆರಳನ್ನೂ ಬಿಡಲಿಲ್ಲ.

ತಲೆ ಇಲ್ಲ, ಕೈ ಇಲ್ಲ, ಚಿತ್ರಕ್ಕೆ ಸೊನ್ನೆ. ಎಲ್ಲ ಪ್ರಶ್ನೆ ಸೇರಿ ಬುದ್ಧಿಮಟ್ಟ ಅರವತ್ತೆರಡು, ವಯಸ್ಸಿಗೆ ತೀರ ಕಡಿಮೆ; ಆ ಅಂಕಿಯನ್ನು ಮೇಡಂ ಮೂಲೆಯಲ್ಲಿ ಕೆಂಪು ಶಾಯಿಯಿಂದ ಬರೆದರು.

ನಾಗರಾಜಪ್ಪ ಆ ಹಾಳೆಯನ್ನು ಬೇಡಿ ತಂದ. ತಮ್ಮೂರು ಸಾರಥಿ ಮುಟ್ಟುವವರೆಗೂ ಬಸ್ಸಿನಲ್ಲಿ ಎಲ್ಲರಿಗೂ ತೋರಿಸಿದ: "ನಂದೇ ಪಾದ ನೋಡ್ರಿ. ಬೆರಳು ಹೆಂಗ್ ಹಿಡಿದಾಳೆ." ಆ ಬಸ್ಸಿನಲ್ಲಿ ಸಾವಿರ ಮಂದಿ ಇದ್ದರೆಂದು ಮರುಳಸಿದ್ದಮ್ಮ ಇಂದಿಗೂ ಆಣೆ ಮಾಡಿ ಹೇಳುತ್ತಾಳೆ.

*

ಕೃತಿಕಾ ಹೊರಗೆ ಬಂದಾಗ ಕೈಯಲ್ಲಿ ಅದೇ ಹಾಳೆ ಇತ್ತು, ಮಡಿಕೆಗಳಲ್ಲಿ ಸವೆದು ಹೋಗಿತ್ತು.

ಬಕ್ಕೇಶ್ ಇಣುಕಿ ನೋಡಿದ. "ಇದೇನ್ ಅತ್ತೆ, ಅರವತ್ತೆರಡು ಅಂತ ಬರದೈತೆ?"

"ಅದು ಅಳದೋರ ಬುದ್ಧಿ ಲೆಕ್ಕ. ನೀನು ನಡಿ, ನನ್ ಸೊಸಿ ಗೆರೆ ಎಳೆದಲ್ಲಿ ಅಗಿ. ಊರಾಗ ಲಕ್ಷ ಮಂದಿ ಶಾಣ್ಯಾರು ಅದೀರಿ, ಅಳತಿ ಇಟ್ಕೊಂಡಾಕಿ ಇವಳೊಬ್ಬಳೇ."

ನಾಗಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹೊಲದಲ್ಲಿ ಕೃತಿಕಾ ಮಂಡಿಯೂರಿ ಹಾಳೆಯನ್ನು ಮಣ್ಣಿಗಿಟ್ಟಳು. ಬೆರಳ ತುದಿಗೆ ಗೆರೆ. ಆ ಗೆರೆಗೆ ಮತ್ತೆ ಹಿಮ್ಮಡಿ. ಗುದ್ದಲಿ ಹಿಡಿದವರು ಅವಳಿಗೆ ಜಾಗ ಬಿಟ್ಟು ಸರಿದರು. ಒಂಬತ್ತನೆಯ ಸಲ ಹಾಳೆ ಎತ್ತಿದಾಗ ಮೂಲೆಯ ಕೆಂಪು ಅಂಕಿಗೆ ಕರಿಮಣ್ಣು ಮೆತ್ತಿತ್ತು. ಸೊಟ್ಟ ಕಿರುಬೆರಳು ಮಾತ್ರ ಹಾಗೇ ಎದ್ದು ಕಾಣುತ್ತಿತ್ತು.