ಇಪ್ಪತ್ತೈದು ಗ್ರಾಂ

ಹಲ್ಲಿನ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಒಸಡಿನ ಪ್ರಯೋಗ ನಡೆಯುತ್ತಿದ್ದ ಕೋಣೆಯ ಹೊರಗೆ ಒಂದು ಉದ್ದನೆಯ ಬೆಂಚು. ಅಲ್ಲಿ ಕೂತವರಿಗೆಲ್ಲ ಒಂದೇ ಆಸೆ: ತಾವು ಬೆಣ್ಣೆಗೈ ಅಕ್ಕನ ಪಾಲಿಗೆ ಬೀಳಬೇಕು, ಸೂಜಿ ಮೇಡಂ ಪಾಲಿಗಲ್ಲ. ಯಾರು ಯಾರ ಕುರ್ಚಿಗೆ ಎಂಬುದು ಮೊದಲ ದಿನವೇ ಚೀಟಿ ಎತ್ತಿ ತೀರ್ಮಾನವಾಗಿತ್ತು, ನಿಜ. ಆದರೂ ಆಸೆ ಪಡುವುದಕ್ಕೆ ಯಾರಪ್ಪಣೆ ಬೇಕು?

ಎರಡು ಹೆಸರೂ ಆ ಬೆಂಚಿನವರೇ ಇಟ್ಟಿದ್ದು. ಅಕ್ಕನಿಗೆ ಆ ಕೆಲಸದಲ್ಲಿ ಇಪ್ಪತ್ತೆರಡು ವರ್ಷ. ಅವಳ ಕೈ ಬಾಯೊಳಗೆ ಹೋಗಿ ಬಂದದ್ದೇ ತಿಳಿಯುವುದಿಲ್ಲ ಎಂದು ಜನ ಹೊಗಳಿದರೆ, "ಹೋಗ್ರೀ, ಸುಮ್ನೆ ಏನೇನೋ ಹೇಳ್ಬೇಡಿ" ಎನ್ನುತ್ತಿದ್ದಳು, ಒಳಗೊಳಗೇ ಉಬ್ಬುತ್ತಿದ್ದಳು. ಪಕ್ಕದ ಕುರ್ಚಿಯಿಂದ ಯಾರಾದರೂ ದವಡೆ ಹಿಡಿದುಕೊಂಡು ಎದ್ದರೆ, ಸೂಜಿ ಮೇಡಂಗೆ ಕೇಳಿಸುವಷ್ಟೇ ಮೆಲ್ಲಗೆ "ಅಯ್ಯೋ ಪಾಪ" ಎನ್ನುವುದನ್ನೂ ಬಿಡುತ್ತಿರಲಿಲ್ಲ. ಸೂಜಿ ಮೇಡಂ ಅವಳಿಗಿಂತ ಹದಿನೈದು ವರ್ಷ ಚಿಕ್ಕವಳು. ಮಾತು ಕಡಿಮೆ, ನಗು ಇನ್ನೂ ಕಡಿಮೆ.

ಪ್ರಯೋಗ ಇಷ್ಟೇ. ಅರವತ್ತನಾಲ್ಕು ಜನ, ಆರು ತಿಂಗಳು. ಎಲ್ಲರಿಗೂ ಒಂದೇ ತರಹದ ಬಿಳಿ ಟ್ಯೂಬು. ಅರ್ಧ ಟ್ಯೂಬುಗಳಲ್ಲಿ ಒಸಡಿನ ಊತ ಇಳಿಸುವ ಹೊಸ ಮದ್ದು ಬೆರೆಸಿದ ಪೇಸ್ಟು, ಉಳಿದರ್ಧದಲ್ಲಿ ಬರೀ ಪೇಸ್ಟು. ಯಾರಿಗೆ ಯಾವುದು ಹೋಗಿದೆ ಎಂಬುದು ದೊಡ್ಡ ಡಾಕ್ಟರಮ್ಮನ ಬೀರುವಿನಲ್ಲಿದ್ದ ಮೊಹರು ಹಾಕಿದ ಲಕೋಟೆಗೆ ಮಾತ್ರ ಗೊತ್ತು. ತಿಂಗಳಿಗೊಮ್ಮೆ ಎಲ್ಲರೂ ಬಂದು ಬಾಯಿ ತೆರೆಯಬೇಕು. ಮಿಲಿಮೀಟರಿನ ಗೆರೆ ಕೊರೆದ ಸಣ್ಣ ಕಡ್ಡಿಯನ್ನು ಹಲ್ಲಿಗೂ ಒಸಡಿಗೂ ನಡುವೆ ಇಳಿಸಿ, ಒಂದೊಂದು ಹಲ್ಲಿಗೆ ಆರು ಕಡೆ ಅಳೆಯಬೇಕು. ಎಷ್ಟು ಆಳ ಹೋಯಿತು, ರಕ್ತ ಬಂತೋ ಇಲ್ಲವೋ, ಎರಡನ್ನೂ ಕೂಗಿ ಹೇಳಬೇಕು. ಹಿಂದೆ ಕೂತ ಗುಮಾಸ್ತರು ಬರೆದುಕೊಳ್ಳುತ್ತಾರೆ.

ಕಡ್ಡಿಯನ್ನು ಎಷ್ಟು ಒತ್ತಬೇಕು ಎನ್ನುವುದಕ್ಕೂ ಕಟ್ಟುನಿಟ್ಟಿತ್ತು: ಇಪ್ಪತ್ತೈದು ಗ್ರಾಂ. ಹೆಚ್ಚು ಒತ್ತಿದರೆ ಚೆನ್ನಾಗಿರುವ ಒಸಡೂ ರಕ್ತ ಬಿಡುತ್ತದೆ. ಕಡಿಮೆಯಾದರೆ ಕೆಟ್ಟ ಒಸಡೂ ಒಳ್ಳೆಯದರ ಹಾಗೆ ನಟಿಸುತ್ತದೆ. ಅದಕ್ಕೇ ಪ್ರತಿ ಸೋಮವಾರ ಇಬ್ಬರೂ ಒಂದು ಪುಟ್ಟ ತಕ್ಕಡಿಯ ತಟ್ಟೆಯ ಮೇಲೆ ಕಡ್ಡಿ ಒತ್ತಿ ಕೈ ಹದಮಾಡಿಕೊಳ್ಳಬೇಕು. ಅಕ್ಕ ಕಣ್ಣು ಮುಚ್ಚಿ ಒತ್ತಿದರೂ ಮುಳ್ಳು ಇಪ್ಪತ್ತೈದಕ್ಕೇ ನಿಲ್ಲುತ್ತಿತ್ತು.

ಐದನೇ ತಿಂಗಳ ಮಂಗಳವಾರ ತುತ್ತೂರಿ ಮಾಮ ಬಂದ. ಬ್ಯಾಂಡಿನಲ್ಲಿ ತುತ್ತೂರಿ ಊದುವವನು. ಐವತ್ತು ದಾಟಿದ್ದರೂ ಕೆನ್ನೆ ಮಾತ್ರ ಮಗುವಿನದು. ಅಕ್ಕನಿಗೆ ಅವನೆಂದರೆ ಅಕ್ಕರೆ. ಅವನ ಹೆಂಡತಿಯ ಮಂಡಿನೋವು, ತಮ್ಮನ ಹೊಸ ಅಂಗಡಿ, ಬ್ಯಾಂಡಿನ ಡೋಲಿನವನ ಜೊತೆ ಅವನಿಗಿದ್ದ ಹಳೇ ಜಗಳ, ಎಲ್ಲ ಅವಳಿಗೆ ಬಾಯಿಪಾಠ.

"ಎರಡು, ಇಲ್ಲ. ಎರಡು, ಇಲ್ಲ. ಮೂರು, ಇಲ್ಲ," ಎಂದು ಅಕ್ಕ ಕೂಗುತ್ತ ಹೋದಳು.

ಬಾಯಿ ತೊಳೆಯಲು ಎದ್ದವನು ನಕ್ಕ. "ಅಕ್ಕಾ, ನಮ್ಮ ಒಸಡಿಗೂ ನಿಮ್ಮನ್ನ ಕಂಡ್ರೆ ಮರ್ಯಾದೆ. ಇಲ್ಲಿ ಸಾಧು ತರ ಇರುತ್ತೆ. ಮನೇಲಿ ಬ್ರಷ್ ಇಟ್ರೆ ಸಾಕು, ಬೇಸಿನ್ ಕೆಂಪು."

"ಯಾವಾಗಿಂದ?"

"ಎರಡು ಮೂರು ತಿಂಗಳಾಯ್ತು. ಕೆಳಗಿನ ಈ ಮುಂದಿನ ಹಲ್ಲಂತೂ ಮೇಲಿನ ಸ್ವರ ಹಿಡಿದ್ರೆ ತಾನೂ ಕುಣಿಯುತ್ತೆ. ಆದ್ರೆ ನಿಮ್ಮ ಪುಸ್ತಕದಲ್ಲಿ ಎಲ್ಲ ಸರಿ ಇದೆಯಲ್ಲ, ವಯಸ್ಸಿನ ಆಟ ಅಂತ ಸುಮ್ಮನಾದೆ."

ಅಕ್ಕ ಕುರ್ಚಿ ತೋರಿಸಿದಳು. "ಕೂತ್ಕೊಳ್ಳಿ, ಇನ್ನೊಂದ್ಸಲ ನೋಡ್ತೀನಿ" ಎಂದು ಆ ಹಲ್ಲನ್ನು ಬೆರಳಿಂದ ಮುಟ್ಟಿದಳು. ಅಲ್ಲಾಡಿತು. ಕಡ್ಡಿ ಇಳಿಸಿ, ಅದು ತಾನಾಗಿ ತಡೆದು ನಿಲ್ಲುವವರೆಗೂ ಒತ್ತಿದಳು. ಮಾಮ ಕುರ್ಚಿಯ ಹಿಡಿ ಹಿಡಿದುಕೊಂಡ. ಕಡ್ಡಿಯ ಆರನೇ ಗೆರೆ ಒಸಡಿನಲ್ಲಿ ಮುಳುಗಿತ್ತು. ಸುತ್ತ ರಕ್ತ ಒಸರುತ್ತಿತ್ತು.

ಮೊದಲ ದಿನ ಅಲ್ಲಿ ಮೂರು ಇತ್ತು. ಎರಡು ಮಿಲಿಮೀಟರ್ ಹೆಚ್ಚಾದರೆ ಅಂಥವರನ್ನು ಆ ದಿನವೇ ಪ್ರಯೋಗದಿಂದ ಬಿಡಿಸಿ ಚಿಕಿತ್ಸೆ ಶುರುಮಾಡಬೇಕು ಎಂಬುದು ನಿಯಮ. ಆದರೆ ಕಳೆದ ತಿಂಗಳೂ ಅವಳು ಮೂರು ಎಂದೇ ಕೂಗಿದ್ದಳು. ಒಂದೇ ತಿಂಗಳಿಗೆ ಮೂರು ಆರಾಗುವುದಿಲ್ಲ ಎಂಬುದು ಈ ಕೆಲಸ ಬಲ್ಲ ಯಾರಿಗಾದರೂ ಗೊತ್ತು. ಆರು ಎಂದರೆ ಹಿಂದಿನ ತಿಂಗಳುಗಳ ತಪ್ಪೆಲ್ಲ ಹೊರಬಿದ್ದಂತೆ. ಗುಮಾಸ್ತರು ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದರು.

"ನಾಲ್ಕು," ಎಂದಳು ಅಕ್ಕ.

"ನಾಲ್ಕಾ?"

"ನಾಲ್ಕು ಅಂದೆನಲ್ಲ ರೀ."

ಗುಮಾಸ್ತರು ಬರೆದರು. ಮಾಮ ಬಾಯಿ ಒರೆಸಿಕೊಂಡು, "ಇವತ್ತು ಸ್ವಲ್ಪ ಉರೀತಕ್ಕಾ, ಪರವಾಗಿಲ್ಲ" ಎಂದು ಅವಳನ್ನೇ ಸಮಾಧಾನ ಮಾಡಿ ಹೊರಟುಹೋದ.

ಆ ದಿನ ಅವಳು ಊಟಕ್ಕೆ ಏಳಲಿಲ್ಲ. ಎಲ್ಲರೂ ಊಟಕ್ಕೆ ಹೋದಾಗ ತಕ್ಕಡಿ ತೆಗೆದು ಕಡ್ಡಿ ಒತ್ತಿದಳು. ಇಪ್ಪತ್ತೈದು. ಮತ್ತೆ ಒತ್ತಿದಳು. ಇಪ್ಪತ್ತೈದು. ತಪ್ಪು ಕೈಯದಲ್ಲ, ಮಾಮನ ಒಸಡೇ ಹಠಾತ್ತನೆ ಕೆಟ್ಟಿರಬೇಕು ಎಂದು ಮನಸ್ಸು ಒಂದು ದಾರಿ ಹುಡುಕಿಕೊಟ್ಟಿತು. ಆ ದಾರಿಯಲ್ಲಿ ನಾಲ್ಕು ಹೆಜ್ಜೆ ನಡೆದೂ ನೋಡಿದಳು. ಆದರೆ ಆರು ಕಂಡು ನಾಲ್ಕು ಎಂದ ಬಾಯಿ ಅವಳದೇ ತಾನೆ? ಅದಕ್ಕೆ ಯಾವ ತಕ್ಕಡಿ ಸಾಕ್ಷಿ ಹೇಳುತ್ತದೆ?

ಬುಧವಾರ ಡಾಕ್ಟರಮ್ಮ ಇಬ್ಬರನ್ನೂ ಕೋಣೆಗೆ ಕರೆದರು. ಮುಖದಲ್ಲಿ ಖುಷಿ ತುಳುಕುತ್ತಿತ್ತು. "ಅಕ್ಕ ನೋಡೋ ಮೂವತ್ತೆರಡು ಜನರಲ್ಲಿ ರಕ್ತ ಬರೋ ಜಾಗ ಅರ್ಧಕ್ಕಿಂತ ಕಡಿಮೆ ಆಗಿದೆ," ಎಂದರು. ಆಮೇಲೆ ಸೂಜಿ ಮೇಡಂ ಕಡೆ ತಿರುಗಿ, "ನಿಮ್ಮ ಕಡೆ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ. ಜನ ಚೀಟಿ ಎತ್ತಿ ಬಂದವರು, ಇಷ್ಟು ವ್ಯತ್ಯಾಸ ಇರಬಾರದು. ನೀವು ಒತ್ತೋದು ಜಾಸ್ತಿ ಆಗ್ತಿದೆಯೇನೋ. ಬೆಂಚಿನವರೂ ಹಾಗೇ ಅಂತಾರೆ. ಸ್ವಲ್ಪ ಅಕ್ಕನ್ನ ನೋಡಿ ಕಲೀರಿ" ಎಂದರು.

ಸೂಜಿ ಮೇಡಂ ಕಿವಿ ಕೆಂಪಾದವು. ಅವಳು ಅಕ್ಕನ ಕಡೆ ನೋಡಲಿಲ್ಲ. ಅಕ್ಕ ಏನಾದರೂ ಹೇಳಬೇಕಿದ್ದ ಗಳಿಗೆ ಅದು. ಅವಳು ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ತೆಗೆದಳು. ಅಲ್ಲಿಂದ ಹೊರಬರುವಾಗ ಯಾರೋ ಕಪಾಳಕ್ಕೆ ಬಾರಿಸಿದಂತೆ ಮುಖ ಉರಿಯುತ್ತಿತ್ತು. ಬಾರಿಸಿದವರು ಮಾತ್ರ ಯಾರೂ ಇರಲಿಲ್ಲ.

ಮಧ್ಯಾಹ್ನ ಕೈತೊಳೆಯುವ ತೊಟ್ಟಿಯ ಹತ್ತಿರ ಸೂಜಿ ಮೇಡಂ ತಾನಾಗಿಯೇ ಬಂದಳು.

"ಅಕ್ಕಾ, ನಾಚಿಕೆ ಬಿಟ್ಟು ಕೇಳ್ತೀನಿ. ಕಲಿಸಿಕೊಡಿ. ನನ್ನ ಬಾಯಲ್ಲೇ ಒತ್ತಿ ತೋರಿಸಿ, ಎಷ್ಟು ಅಂತ ನನಗೂ ತಿಳಿಯಲಿ."

ಬೇಡ ಎನ್ನಲು ನೆಪ ಹೊಳೆಯಲಿಲ್ಲ. ಸೂಜಿ ಮೇಡಂ ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಳು. ಅಕ್ಕ ಎಂದಿನಂತೆ ಕಡ್ಡಿ ಇಳಿಸಿ ನಾಲ್ಕಾರು ಕಡೆ ಒತ್ತಿದಳು. ಸೂಜಿ ಮೇಡಂ ಹುಬ್ಬು ಗಂಟಿಕ್ಕಿ ಎದ್ದು ಕೂತಳು.

"ಇಷ್ಟೇ ನಾನೂ ಒತ್ತೋದು."

"ಇಷ್ಟೇನಾ?"

"ಒಂದು ಕೂದಲಷ್ಟೂ ಹೆಚ್ಚಿಲ್ಲ. ಹಾಗಿದ್ರೆ ನಿಮ್ಮವರಿಗೆ ನೋವೇ ಆಗಲ್ಲ ಅನ್ನೋದು ಹೇಗೆ?" ಅವಳು ಇದ್ದಕ್ಕಿದ್ದಂತೆ ನಕ್ಕಳು. ಅವಳು ನಕ್ಕದ್ದನ್ನು ಅಕ್ಕ ನೋಡಿದ್ದು ಅದೇ ಮೊದಲು. "ಓ. ನಿಮಗೆ ನನ್ನ ಕಂಡ್ರೆ ಆಗಲ್ಲ ಅಲ್ವಾ ಅಕ್ಕಾ? ಅದಕ್ಕೇ ನನ್ನ ಬಾಯಲ್ಲಿ ಲೆಕ್ಕ ಸರಿಯಾಗಿದೆ."

ಅವಳು ಅಂದದ್ದು ತಮಾಷೆಗೆ. ಅಕ್ಕ ಕಡ್ಡಿ ಕೆಳಗಿಟ್ಟು ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟಳು.

ಮೊದಲ ತಿಂಗಳು ಅವರೆಲ್ಲ ಬರೀ ಬಾಯಿಗಳಾಗಿದ್ದರು. ಎರಡನೇ ತಿಂಗಳಿಗೆ ಒಬ್ಬೊಬ್ಬರಿಗೂ ಒಂದೊಂದು ಮನೆ, ಒಂದೊಂದು ಸಂಕಟ ಅಂಟಿಕೊಂಡವು. ಹೊಲಿಗೆಯವಳು ಕಣ್ಣು ಬಿಗಿಯಾಗಿ ಮುಚ್ಚುತ್ತಿದ್ದಳು. ಬಸ್ ಡ್ರೈವರ್ ಹೆದರಿಕೆಗೆ ಕಾಲುಬೆರಳು ಮುದುಡುತ್ತಿದ್ದ. ಮಾಮ "ನೀವಿದ್ದೀರಲ್ಲ, ಧೈರ್ಯ" ಎನ್ನುತ್ತಿದ್ದ. ಅಷ್ಟಕ್ಕೇ ಕೈ ಕರಗಿ ಹಗುರಾಗುತ್ತಿತ್ತು. ತಕ್ಕಡಿಯ ಮೇಲೆ ಕೈ ಕರಗಲು ಆ ತಟ್ಟೆಗೇನು ಮುಖವಿದೆಯೇ, ಕಣ್ಣಿದೆಯೇ? ಬರೀ ಕನಿಕರವಾಗಿದ್ದರೆ ಹೇಗೋ ಒಪ್ಪಿಕೊಳ್ಳಬಹುದಿತ್ತು. ಅದರ ಜೊತೆ ಇನ್ನೊಂದೂ ಬೆರೆತಿತ್ತು. ಬೆಂಚಿನ ಮೇಲೆ ತನ್ನ ಹೆಸರು ಹಾಗೇ ಉಳಿಯಬೇಕು ಎಂಬ ಆಸೆ. ಆ ಹೆಸರಿಗಾಗಿ ಮಾಮನ ಒಸಡು ಮೂರು ತಿಂಗಳು ಒಳಗೊಳಗೇ ಕೊಳೆತಿತ್ತು.

"ಏನಾಯ್ತಕ್ಕಾ? ನಾನು ಸುಮ್ನೆ ಅಂದೆ," ಎಂದಳು ಸೂಜಿ ಮೇಡಂ ಗಾಬರಿಯಿಂದ.

"ನೀನು ಕಲಿಯೋದು ಏನೂ ಇಲ್ಲಮ್ಮ," ಎಂದು ಅಕ್ಕ ಎದ್ದಳು. ಸೂಜಿ ಮೇಡಂನ್ನು ಮೊದಲ ಸಲ ಏಕವಚನದಲ್ಲಿ ಕರೆದದ್ದು ಅಕ್ಕನ ಗಮನಕ್ಕೇ ಬರಲಿಲ್ಲ.

ಡಾಕ್ಟರಮ್ಮ ಲೆಕ್ಕದ ಹಾಳೆಗಳನ್ನು ಹರಡಿಕೊಂಡು ಕೂತಿದ್ದರು. ಅಕ್ಕ ನಿಂತೇ ಹೇಳಿದಳು. ಮೊದಲು ಕೈಯ ವಿಷಯ. ಆಮೇಲೆ, ನಾಲಿಗೆ ಎರಡು ಸಲ ತಡವರಿಸಿದ ಮೇಲೆ, ಆರನ್ನು ನಾಲ್ಕು ಎಂದ ವಿಷಯ. ಡಾಕ್ಟರಮ್ಮ ಬೈಯಬಹುದು ಎಂದುಕೊಂಡಿದ್ದಳು; ಬೈದಿದ್ದರೆ ಅರ್ಧ ಭಾರ ಇಳಿಯುತ್ತಿತ್ತು. ಅವರು ಬೈಯಲಿಲ್ಲ. ಒಂದು ಖಾಲಿ ಹಾಳೆಯನ್ನು ಅವಳ ಮುಂದೆ ಸರಿಸಿದರು.

"ಎರಡನ್ನೂ ಬೇರೆ ಬೇರೆ ಬರೆಯಿರಿ. ಕೈ ಹಗುರಾಗಿದ್ದು ಒಂದು, ಸುಳ್ಳು ಹೇಳಿದ್ದು ಒಂದು. ಒಂದರ ಸೆರಗಿನಲ್ಲಿ ಇನ್ನೊಂದನ್ನ ಮುಚ್ಚಬೇಡಿ."

ಅಕ್ಕ ಬರೆದಳು. ಮೊದಲನೆಯದು ಅರ್ಧ ಪುಟ ಹಿಡಿಯಿತು. ಎರಡನೆಯದು ಒಂದೇ ಸಾಲು. ಬರೆಯಲು ಹಿಡಿದ ಹೊತ್ತು ಮಾತ್ರ ಎರಡೂ ಒಂದೇ.

"ಈ ನಾಲ್ಕು ತಿಂಗಳ ಅಳತೆಗೆಲ್ಲ ಗೆರೆ ಎಳೀಬೇಕು," ಎಂದರು ಡಾಕ್ಟರಮ್ಮ ಹಾಳೆ ಓದಿ. "ನಿಮ್ಮ ಮೂವತ್ತೆರಡು ಜನಾನೂ ವಾಪಸ್ ಕರೆಸಿ ಅಳೀಬೇಕು. ಅಲ್ಲಿವರೆಗೆ ನೀವು ಕಡ್ಡಿ ಮುಟ್ಟೋ ಹಾಗಿಲ್ಲ, ಬರೆಯೋ ಮೇಜಿಗೆ ಕೂರಿ." ಹಾಳೆಯನ್ನು ಕಡತಕ್ಕೆ ಸೇರಿಸುತ್ತ, "ಆ ತುತ್ತೂರಿಯವರಿಗೆ ಈಗಲೇ ಫೋನ್ ಮಾಡಿ. ಯಾಕೆ ಅಂತಾನೂ ನೀವೇ ಹೇಳಿ. ಆ ಮೇಡಂ ಹತ್ತಿರ ನಾನು ಮಾತಾಡ್ತೀನಿ, ಕ್ಷಮೆ ಕೇಳಬೇಕಾದೋಳು ನಾನೂ ಇದ್ದೀನಿ" ಎಂದರು.

ಫೋನಿನಲ್ಲಿ ಅಕ್ಕ ಬನ್ನಿ ಎಂದಷ್ಟೇ ಹೇಳಿದಳು. ಉಳಿದದ್ದನ್ನು ಮಾರನೇ ದಿನ ಬೆಳಿಗ್ಗೆ, ಬೆಂಚಿನ ಕೊನೆಯಲ್ಲಿ ಅವನ ಪಕ್ಕ ಕೂತು ಹೇಳಿದಳು. ಬೆಂಚಿನ ಮೇಲೆ ಇನ್ನೂ ಐದು ಜನ ಇದ್ದರು. ಒಳಗೆ ಕರೆದೊಯ್ದು ಹೇಳಬಹುದಿತ್ತು. ಹಾಗೆ ಮಾಡಲು ಮನಸ್ಸಾಗಲಿಲ್ಲ. ಹೆಸರು ಹುಟ್ಟಿದ್ದು ಇಲ್ಲೇ, ಹೋಗುವುದೂ ಇಲ್ಲೇ ಹೋಗಲಿ.

ಮಾಮ ಎಲ್ಲ ಕೇಳಿಸಿಕೊಂಡ. ಅವನ ನಾಲಿಗೆ ಒಳಗಿನಿಂದ ಆ ಹಲ್ಲನ್ನು ತಡವುತ್ತಿದ್ದುದು ಕೆಳತುಟಿಯ ಮೇಲೆ ಕಾಣುತ್ತಿತ್ತು.

"ನಾಲ್ಕು ಅಂದಾಗ ನಿಮಗೆ ಗೊತ್ತಿತ್ತಾ, ಆರು ಅಂತ?"

"ಗೊತ್ತಿತ್ತು."

ಅವನು ತಲೆಯಾಡಿಸಿದ. ಎದ್ದು ಒಳಗೆ ಹೋದವನು ಎರಡು ಕುರ್ಚಿಗಳ ನಡುವೆ ನಿಂತ. ಆಮೇಲೆ, ಹೊಸಬರೊಡನೆ ಮಾತಾಡುವಷ್ಟು ಮರ್ಯಾದೆಯಿಂದ, "ಮೇಡಂ, ನೀವೇ ನೋಡ್ತೀರಾ?" ಎಂದು ಕೇಳಿದ.

ಅಕ್ಕ ಹಿಂದಿನ ಮೇಜಿಗೆ ಹೋಗಿ ಪೆನ್ನು ಹಿಡಿದು ಕೂತಳು. ಸೂಜಿ ಮೇಡಂ ಕಡ್ಡಿ ಇಳಿಸಿದಳು. ಮಾಮನ ಪಾದಗಳೆರಡೂ ನೆಟ್ಟಗಾದವು. ಅಕ್ಕ ಕಣ್ಣು ತಪ್ಪಿಸಲಿಲ್ಲ.

"ಆರು. ಹೌದು. ಐದು. ಹೌದು. ಆರು. ಹೌದು."

ಡಾಕ್ಟರಮ್ಮ ಬಂದು ನೋಡಿದರು. ಒಸಡನ್ನು ಒಳಗಿನಿಂದ ಶುಚಿ ಮಾಡಬೇಕು, ಹಲ್ಲನ್ನು ಅಕ್ಕಪಕ್ಕದವಕ್ಕೆ ತಂತಿಯಿಂದ ಕಟ್ಟಬೇಕು, ಉಳಿಯಲೂಬಹುದು, ಉಳಿಯದೆಯೂ ಇರಬಹುದು ಎಂದರು.

"ಊದಬಹುದಾ?" ಎಂದು ಕೇಳಿದ ಮಾಮ.

"ಮೂರು ತಿಂಗಳು ಬೇಡ. ಆಮೇಲೆ ನೋಡೋಣ."

ಅವನು ಡಾಕ್ಟರಮ್ಮನ ಕಡೆ ನೋಡಲಿಲ್ಲ. ಕುರ್ಚಿಯಲ್ಲಿ ಒರಗಿದಲ್ಲಿಂದಲೇ ಕತ್ತು ಹೊರಳಿಸಿ, ಬರೆಯುವ ಮೇಜಿನ ಕಡೆ ನೋಡಿದ. ಕೋಪವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಮೂರು ತಿಂಗಳು ಅಂತೆ, ಬರ್ಕೊಳಿ" ಎಂದ.

ಅಕ್ಕ ಬರೆದುಕೊಂಡಳು.